ಅಮ್ಮನಿಗೆ ವಿಡಿಯೋ ಕಾಲ್‌ನಲ್ಲೇ ಫಿಸಿಯೋಥೆರಪಿ: 14 ತಿಂಗಳ ಅನುಭವ

ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ದಿನಾ ಫಿಸಿಯೋ ಮಾಡಿಸಿ ಅಂದರು. ನಮ್ಮೂರು ತೀರ್ಥಹಳ್ಳಿ ಹತ್ತಿರ. ಶಿವಮೊಗ್ಗಕ್ಕೆ 60 ಕಿಲೋಮೀಟರ್. ಹೆಚ್ಚು ಹೊತ್ತು ಕೂರಲೂ ಆಗದವರನ್ನು ವಾರಕ್ಕೆ ಮೂರು ಸಲ ಕಾರಿನಲ್ಲಿ ಕರೆದೊಯ್ಯುವುದು ಹೇಗೆ? ಹಾಗಾಗಿ ಆನ್‌ಲೈನ್ ಸೇವೆಗೆ ಸೇರಿಸಿದೆವು. ಒಂದು ಸಲಕ್ಕೆ 45 ನಿಮಿಷ, 500 ರೂಪಾಯಿ. ಮೊದಲ ನಾಲ್ಕು ತಿಂಗಳು ವಾರಕ್ಕೆ ಮೂರು ಸಲ ಇತ್ತು, ಈಗ ಒಂದೇ ಸಲ.

ಮುಟ್ಟದೆ ಅದೆಂಥ ಫಿಸಿಯೋ ಅಂತ ನನಗೂ ಅನುಮಾನವಿತ್ತು. ಮೊದಲ ದಿನ ಥೆರಪಿಸ್ಟ್ ವ್ಯಾಯಾಮ ಹೇಳಲೇ ಇಲ್ಲ. ಫೋನ್ ಹಿಡಿದು ಮನೆ ತೋರಿಸಿ ಅಂದರು. ಮಂಚ, ಹೊಸ್ತಿಲು, ಬಚ್ಚಲಿನ ನೆಲ ಎಲ್ಲಾ ನೋಡಿದರು. ಮಂಚ ತಗ್ಗಾಯಿತು, ಅದರ ಕಾಲುಗಳ ಕೆಳಗೆ ಹಲಗೆ ಕೊಡಿ, ಎತ್ತರದಿಂದ ಏಳುವುದು ಸುಲಭ ಅಂದರು. ಮರುದಿನವೇ ಅಮ್ಮ ಕಡಿಮೆ ಆಸರೆಯಲ್ಲಿ ಎದ್ದು ನಿಂತರು.

ಆಮೇಲೆ ನಾನು ಅಮ್ಮನನ್ನು ಎಬ್ಬಿಸುವುದನ್ನು ನೋಡಿದರು. ನಾನು ಬಲಗೈ ಹಿಡಿದು ಎಳೆಯುತ್ತಿದ್ದೆ. "ಅಯ್ಯೋ, ಆ ಕೈ ಎಳೀಬೇಡಿ ಮೇಡಂ!" ಅಂದರು. ಸ್ನಾಯು ಸೋತಾಗ ಭುಜದ ಕೀಲು ಸಡಿಲವಾಗುತ್ತದಂತೆ, ಎಳೆದರೆ ಜಾರುತ್ತದೆ. ಭುಜ ನೋಯತೊಡಗಿದರೆ ಕೈ ವ್ಯಾಯಾಮವೇ ನಿಂತುಹೋಗುತ್ತದೆ. ಸೊಂಟಕ್ಕೆ ಅಗಲದ ಬೆಲ್ಟ್ ಕಟ್ಟಿ, ಅದನ್ನು ಹಿಡಿದು ಎಬ್ಬಿಸಲು ಕಲಿಸಿದರು. ಈ ಒಂದು ಪಾಠಕ್ಕೇ ಕೊಟ್ಟ ದುಡ್ಡು ಸಾರ್ಥಕ. ಅವರ ಕಣ್ಣು, ನನ್ನ ಕೈ. ಆನ್‌ಲೈನ್ ಫಿಸಿಯೋ ನಡೆಯುವುದು ಹೀಗೆ. ಮನೆಯಲ್ಲಿ ಕೈ ಕೊಡುವವರು ಇಲ್ಲದಿದ್ದರೆ ಇದು ಬೇಡ, ಬೀಳುವ ಅಪಾಯ ಜಾಸ್ತಿ.

ವ್ಯಾಯಾಮಕ್ಕೆ ಮನೆಯ ಸಾಮಾನೇ ಸಾಕಾಯಿತು. ಬಟ್ಟಲಿನಿಂದ ಬಟ್ಟಲಿಗೆ ಅವರೆಕಾಳು ಹಾಕುವುದು, ಬಟ್ಟೆ ಮಡಚುವುದು, ಚಪಾತಿ ಹಿಟ್ಟು ನಾದುವುದು. ದಿನದ ಕೆಲಸವನ್ನೇ ನೂರಾರು ಸಲ ಮಾಡಿದರೆ ಮಿದುಳು ಹೊಸ ದಾರಿ ಕಲಿಯುತ್ತದೆ ಅಂತ ವಿವರಿಸಿದರು. ಕನ್ನಡಿಯದ್ದೂ ಒಂದಿತ್ತು. ಎರಡೂ ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಮರೆಮಾಡಬೇಕು. ಎಡಗೈ ಆಡಿಸಿದರೆ ಬಲಗೈಯೇ ಆಡಿದಂತೆ ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ.

ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕು ಅಂತ ತಿಂಗಳಿಗೊಮ್ಮೆ ಅಳೆಯುತ್ತಾರೆ. ವಾಕರ್ ಹಿಡಿದು ನಡೆಯಲು ಶುರುಮಾಡಿದಾಗ ಅಮ್ಮನಿಗೆ 52 ಸೆಕೆಂಡ್ ಬೇಕಿತ್ತು. ಈಗ 23. ಬಲಗೈ ಬೆರಳುಗಳು ಮಾತ್ರ ಇನ್ನೂ ಪೂರ್ತಿ ಬಿಚ್ಚುವುದಿಲ್ಲ.

ಬೇಸರದ ಸಂಗತಿಯೂ ಇದೆ. ಆರನೇ ತಿಂಗಳಲ್ಲಿ ಆನ್‌ಲೈನ್ ಸೇವೆಯವರು ಒಂದು ಮಾತೂ ಹೇಳದೆ ಥೆರಪಿಸ್ಟರನ್ನು ಬದಲಿಸಿದರು. ಹೊಸಬರಿಗೆ ಕನ್ನಡ ಬರುತ್ತಿರಲಿಲ್ಲ. ಮಾತು ತಡವರಿಸುವ ಅಮ್ಮ ಮೂರು ವಾರ ಸುಮ್ನೆ ಕೂತರು. ಜಗಳವಾಡಿಯೇ ಹಳಬರನ್ನು ವಾಪಸ್ ಪಡೆದೆ. ಇನ್ನು ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಕರೆಂಟೂ ಇಲ್ಲ, ಟವರ್ರೂ ಇಲ್ಲ. ಥೆರಪಿಸ್ಟ್ ವ್ಯಾಯಾಮದ ವಿಡಿಯೋ ಮಾಡಿ ಮೊದಲೇ ಕಳಿಸುತ್ತಿದ್ದರು, ನಾವು ಅದನ್ನು ಉಳಿಸಿಟ್ಟುಕೊಳ್ಳುತ್ತಿದ್ದೆವು.

ಸ್ನಾಯುವಿನ ಬಿಗಿತ ಎಷ್ಟಿದೆ ಅಂತ ಕೈಯಿಂದ ಆಡಿಸಿಯೇ ನೋಡಬೇಕು, ವಿಡಿಯೋದಲ್ಲಿ ಆಗದು. ಪಾದಕ್ಕೆ ಹಾಕುವ ಸ್ಪ್ಲಿಂಟ್ ಅಳತೆಯೂ ಅಷ್ಟೇ. ಇದಕ್ಕೆ ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗುತ್ತೇವೆ. ಮತ್ತೆ ಸ್ಟ್ರೋಕ್ ಆದ ಲಕ್ಷಣ ಕಂಡರೆ, ಅಂದರೆ ಇದ್ದಕ್ಕಿದ್ದಂತೆ ಮುಖ ಒಂದು ಕಡೆ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ನನಗೆ ಕಾಲ್ ಮಾಡಬೇಡಿ, ತಕ್ಷಣ 108ಕ್ಕೆ ಮಾಡಿ ಅಂತ ಥೆರಪಿಸ್ಟೇ ಹೇಳಿ ಬರೆಸಿದ್ದಾರೆ. ಆ ಚೀಟಿ ಫ್ರಿಜ್ ಮೇಲಿದೆ.

ಸೇರುವವರು ಥೆರಪಿಸ್ಟ್ ನ್ಯೂರೋದಲ್ಲಿ (ಮಿದುಳು, ನರಗಳ ವಿಭಾಗ) ಎಂಪಿಟಿ, ಅಂದರೆ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ ಮಾಡಿದ್ದಾರಾ, ಸ್ಟ್ರೋಕ್ ರೋಗಿಗಳನ್ನು ನೋಡಿದ್ದಾರಾ ಅಂತ ಕೇಳಿ. ನಡೆಯುವಾಗ ಫೋನನ್ನು ಮೊಣಕಾಲಿನ ಎತ್ತರದಲ್ಲಿ, ಪಕ್ಕದಿಂದ ಇಡಿ. ಪಾದ ಎಳೆಯುವುದು ಎದುರಿನಿಂದ ಸರಿಯಾಗಿ ಕಾಣುವುದಿಲ್ಲ.

ಇನ್ನೂ ಮೂರು ತಿಂಗಳಿಗೆ ದುಡ್ಡು ಕಟ್ಟಿದ್ದೇನೆ. ಈ ಸಲ ಅದೇ ಥೆರಪಿಸ್ಟ್ ಬೇಕು ಅಂತ ಮೊದಲೇ ಬರೆಸಿಕೊಂಡಿದ್ದೇನೆ.