ಗ್ಯಾಸಿನ ಗುಳಿಗೆ ಹೇಳದೆ ಹಾರ್ಮೋನ್ ಟೆಸ್ಟ್ ಮಾಡಿಸಬೇಡಿ

ಮುಟ್ಟು ಏರುಪೇರಾಗಿತ್ತು. ಒಮ್ಮೆ 40 ದಿನಕ್ಕೆ, ಇನ್ನೊಮ್ಮೆ 52 ದಿನಕ್ಕೆ. ಮನೆಯಲ್ಲೇ ಗರ್ಭದ ಟೆಸ್ಟ್ ಮಾಡಿಕೊಂಡೆ, ಏನಿಲ್ಲ. ಒಂದಿನ ಸ್ನಾನಕ್ಕೆ ಹೋದಾಗ ನೋಡಿದರೆ ಬ್ರಾ ಒಳಗೆ ಎರಡು ರೂಪಾಯಿ ನಾಣ್ಯದಷ್ಟು ಕಲೆ, ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಗಿತ್ತು. ಹಾಲು! ಮಗಳಿಗೆ ಈಗ ಒಂಬತ್ತು ವರ್ಷ.

ಡಾಕ್ಟರ ಹತ್ತಿರ ಹೋಗುವ ಬದಲು ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ‘ಲೇಡೀಸ್ ಹಾರ್ಮೋನ್ ಪ್ಯಾಕೇಜ್’ ಮಾಡಿಸಿದೆ. ಚಿಗರಿ ಬಸ್ ಹಿಡಿಯಲು ಓಡಿ, ಏದುಸಿರು ಬಿಡುತ್ತಲೇ ರಕ್ತ ಕೊಟ್ಟೆ. ಮುಟ್ಟಾಗಿ ಎಷ್ಟನೇ ದಿನ ಅಂತ ಯಾರೂ ಕೇಳಲಿಲ್ಲ. ಮುಟ್ಟಿನ ಚಕ್ರ ನಡೆಸುವ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನ್‌ಗಳನ್ನು ಸಾಮಾನ್ಯವಾಗಿ ಎರಡು-ಮೂರನೇ ದಿನ ನೋಡಬೇಕಂತೆ. ನನ್ನದು 19ನೇ ದಿನ. ಆ ದುಡ್ಡು ದಂಡ.

ಎದೆಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ 118 ಬಂತು. ಸುಮಾರು 25ರ ಒಳಗಿರಬೇಕು. ರಿಪೋರ್ಟ್ ನೋಡಿದ ಡಾಕ್ಟರು ತಲೆ ಎತ್ತದೆ ಮೆದುಳಿನ ಎಂಆರ್‌ಐ ಬರೆದರು. ‘ಗಡ್ಡೆ ಇರಬಹುದು’ ಅಂದರು. ಆ ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ. ಎಂಆರ್‌ಐನಲ್ಲಿ ಏನೂ ಇರಲಿಲ್ಲ. ಆದರೂ ಪ್ರೊಲ್ಯಾಕ್ಟಿನ್ ಇಳಿಸುವ ಗುಳಿಗೆ ಕ್ಯಾಬರ್‌ಗೋಲಿನ್ ಶುರು ಮಾಡಿಸಿದರು. ಅದಕ್ಕೆ ಹೊಟ್ಟೆ ತೊಳಸಿ ವಾಂತಿ ಬಂದ ಹಾಗೆ ಆಗೋದು. ಆಗ ನಾನೇನು ಮಾಡಿದೆ ಗೊತ್ತಾ? ಇನ್ನೊಂದು ಗ್ಯಾಸಿನ ಗುಳಿಗೆ ನುಂಗಿದೆ.

ಕೊನೆಗೆ ಧಾರವಾಡದಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರು, ‘ಬ್ಯಾಗಿನ್ಯಾಗ ಏನೇನು ಗುಳಿಗಿ ಅದಾವ, ಎಲ್ಲಾ ಹೊರಗ ತಗೀರಿ’ ಅಂದರು. ಆರು ತಿಂಗಳಿಂದ ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ, ಅಂಗಡಿಯಿಂದ ಹಾಗೇ ತಂದು ನುಂಗುತ್ತಿದ್ದ ಸ್ಟ್ರಿಪ್ಪು. ತಿರುಗಿಸಿ ತೋರಿಸಿದರು: ಪ್ಯಾಂಟೊಪ್ರಝೋಲ್, ಅದರ ಕೆಳಗೆ ಡಾಂಪೆರಿಡೋನ್ 30 ಮಿಲಿಗ್ರಾಂ. ಪ್ರೊಲ್ಯಾಕ್ಟಿನ್ ಹೆಚ್ಚದಂತೆ ಮೆದುಳಿನ ಡೋಪಮಿನ್ ಅನ್ನೋ ರಾಸಾಯನಿಕ ಲಗಾಮು ಹಿಡಿದಿರುತ್ತದೆ. ಡಾಂಪೆರಿಡೋನ್ ಆ ಲಗಾಮನ್ನೇ ಬಿಡಿಸುತ್ತದೆ. ಹಾಲು ಬರೋದು, ಮುಟ್ಟು ತಪ್ಪೋದು ಎರಡೂ ಅದರಿಂದಲೇ. ದುರ್ಗದಬೈಲಿನ ಮಿರ್ಚಿಗೆ ಹೆದರಿ ತಗೊಂಡ ಗುಳಿಗೆ ಅದು!

ಥೈರಾಯ್ಡ್ ಕೂಡ ನೋಡಿದರು. ಅದು ಕಡಿಮೆಯಾದರೂ ಪ್ರೊಲ್ಯಾಕ್ಟಿನ್ ಏರಬಹುದಂತೆ. ನನ್ನದು ಸರಿ ಇತ್ತು. ಗ್ಯಾಸಿನದು, ಕ್ಯಾಬರ್‌ಗೋಲಿನ್ ಎರಡೂ ಗುಳಿಗೆ ನಿಲ್ಲಿಸಿದರು. ಕ್ಯಾಬರ್‌ಗೋಲಿನ್ ಗುಣ ಪೂರಾ ಇಳಿಯಲಿ ಅಂತ ಒಂದೂವರೆ ತಿಂಗಳು ಕಾಯಿಸಿ, ಬೆಳಗ್ಗೆ ಅರ್ಧ ಗಂಟೆ ಸುಮ್ನೆ ಕೂರಿಸಿ ರಕ್ತ ತೆಗೆಸಿದರು. 14 ಬಂತು.

ಹಾಲು ಬಂದರೆ ಗುಳಿಗೆಯದೇ ಕಾರುಬಾರು ಅಂತ ನೀವು ಮನೆಯಲ್ಲೇ ತೀರ್ಮಾನ ಮಾಡಬೇಡಿ. ತಲೆನೋವು ಜಾಸ್ತಿಯಿದ್ದು, ಪಕ್ಕದ ನೋಟ ಮಂಜಾದರೆ ತಡಮಾಡದೆ ಹೋಗಿ. ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಅವನ್ನು ಡಾಕ್ಟರಿಗೆ ಹೇಳಿ, ನೀವಾಗೇ ನಿಲ್ಲಿಸಬೇಡಿ. ಕೂದಲಿಗೆ ಅಂತ ತಗೊಳ್ಳುವ ಬಯೋಟಿನ್ ಕೂಡ ಹೇಳಿ, ಅದರಿಂದ ಥೈರಾಯ್ಡ್ ರಿಪೋರ್ಟ್ ತಪ್ಪು ಬರಬಹುದು. ನಾನೀಗ ಸ್ಟ್ರಿಪ್ಪುಗಳನ್ನೇ ಒಂದು ಕವರಿಗೆ ಹಾಕಿಕೊಂಡು ಹೋಗ್ತೀನಿ. ಆ ಎಂಆರ್‌ಐ ಫಿಲ್ಮೂ ಅದರ ಜೊತೆಗೇ ಇದೆ, ಎಂಟು ಸಾವಿರ ರೂಪಾಯಿಯದ್ದು.