ಮೂರು ಚೆಂಡಿನ ಸ್ಪೈರೋಮೀಟರ್: ಊದುವುದಲ್ಲ, ಎಳೆಯುವುದು

ಉಸಿರು ಆಳವಾಗಿ ಎಳೆಯುವ ವ್ಯಾಯಾಮದ ಈ ಸಾಧನವನ್ನು ಬಳ್ಳಾರಿಯ ಮೆಡಿಕಲ್ ಶಾಪ್‌ಗಳಲ್ಲಿ ‘ಚೆಂಡಿನ ಮಿಷನ್’ ಎಂದರೆ ಸಾಕು, ತೆಗೆದುಕೊಡುತ್ತಾರೆ. ಮೂರು ಕೋಣೆಯ ಪ್ಲಾಸ್ಟಿಕ್ ಡಬ್ಬಿ, ಮೂರು ಹಗುರ ಚೆಂಡು, ಸುಕ್ಕುಸುಕ್ಕಾದ ಕೊಳವೆ, ತುದಿಯಲ್ಲಿ ಬಾಯಿಗಿಡುವ ತುಂಡು. ಸಾಮಾನು ಇಷ್ಟೇ. ಕೆಡುವಂಥದ್ದೇನೂ ಇಲ್ಲ, ಬಳಸುವ ರೀತಿಯೇ ಕೆಡುವುದು.

ಕೋಣೆಗಳ ಮೇಲೆ 600, 900, 1200 ಎಂದಿರುತ್ತದೆ. ಇದು ಶ್ವಾಸಕೋಶ ಹಿಡಿಯುವ ಗಾಳಿಯ ಅಳತೆಯಲ್ಲ, ಸೆಕೆಂಡಿಗೆ ಇಷ್ಟು ಮಿಲಿಲೀಟರ್ ಎಂಬ ವೇಗ. ಜೋರಾಗಿ ಎಳೆದು ಮೂರೂ ಚೆಂಡನ್ನು ಒಂದು ಸೆಕೆಂಡ್ ಎತ್ತಿ ಹಿಡಿದರೆ ಒಳಗೆ ಹೋದದ್ದು 1.2 ಲೀಟರ್. ಮೊದಲ ಚೆಂಡೊಂದನ್ನೇ ಮೂರು ಸೆಕೆಂಡ್ ನಿಲ್ಲಿಸಿದರೆ 1.8 ಲೀಟರ್. ಬೇಕಾದ್ದು ಈ ಎರಡನೆಯ ರೀತಿ. ನಿಧಾನ ಎಳೆದಾಗ ವಪೆ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಪೂರ್ತಿ ಕೆಳಗಿಳಿದು ಶ್ವಾಸಕೋಶದ ಬುಡದ ಗಾಳಿಗೂಡುಗಳು ತೆರೆಯುತ್ತವೆ. ಜಗ್ಗಿ ಎಳೆದರೆ ಕುತ್ತಿಗೆ, ಭುಜದ ಸ್ನಾಯುಗಳೇ ದುಡಿಯುತ್ತವೆ. ಮೂರೂ ಚೆಂಡು ಟಕ್ಕೆಂದು ಹಾರಿದರೆ ಮನೆಮಂದಿಗೆ ಖುಷಿ, ರೋಗಿಗೆ ಅಂಥ ಲಾಭವಿಲ್ಲ.

ಬೆನ್ನು ನೆಟ್ಟಗೆ ಮಾಡಿ ಕೂತು, ಡಬ್ಬಿಯನ್ನು ವಾಲಿಸದೆ ಹಿಡಿಯಿರಿ. ವಾಲಿದರೆ ಚೆಂಡು ಸಲೀಸಾಗಿ ಏರಿ ಸುಳ್ಳು ಹೇಳುತ್ತದೆ. ಮಾಮೂಲಿಯಾಗಿ ಉಸಿರು ಬಿಟ್ಟು, ಬಾಯಿಯ ತುಂಡಿನ ಸುತ್ತ ತುಟಿ ಬಿಗಿಮುಚ್ಚಿ, ಮೆಲ್ಲಗೆ ಎಳೆಯಿರಿ. ತುಂಬಿದ ಮೇಲೆ ಮೂರರಿಂದ ಐದು ಸೆಕೆಂಡ್ ತಡೆದು, ಕೊಳವೆ ತೆಗೆದು ಉಸಿರು ಬಿಡಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಎಂಬುದು ಸಾಮಾನ್ಯ ಲೆಕ್ಕ, ಆದರೆ ನಡುವೆ ಬಿಡುವಿಲ್ಲದೆ ಹತ್ತನ್ನೂ ಮುಗಿಸುವ ಆತುರ ಬೇಡ. ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಚೆಂಡು ಏಳುತ್ತಲೇ ಇಲ್ಲವೇ? ಊದುತ್ತಿದ್ದೀರಿ, ಇಲ್ಲವೇ ಕೊಳವೆಯ ಬುಡ ಸಡಿಲವಾಗಿದೆ.

ಹೊಟ್ಟೆ ಅಥವಾ ಎದೆಯ ಆಪರೇಷನ್ ಆದವರಿಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಾಧನ. ಹೊಲಿಗೆ ನೋವಿಗೆ ಹೆದರಿ ಮೇಲುಮೇಲಿನ ಉಸಿರಿನಲ್ಲೇ ದಿನ ಕಳೆದರೆ ಗಾಳಿಗೂಡುಗಳು ಮುದುಡಿ ಕಫ ಕಟ್ಟುತ್ತದೆ. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡವರು ಮಾತ್ರ ಡಾಕ್ಟರು ಹೇಳದೆ ಮುಟ್ಟಬಾರದು.

ಕೋಟೆ ಗುಡ್ಡದ ಮೆಟ್ಟಿಲು ಏದುಸಿರಿಲ್ಲದೆ ಹತ್ತಲು ಇದನ್ನು ಕೊಳ್ಳುವವರಿಗೆ ಮಾತ್ರ ‘ಬೇಡ’ ಅನ್ನಬೇಕು. ಸುಮ್ಮನೆ ಕೂತಾಗ ಒಂದು ಉಸಿರು ಸುಮಾರು 500 ಮಿಲಿಲೀಟರ್. ಅದರಲ್ಲಿ 150ರಷ್ಟು ಶ್ವಾಸನಾಳಗಳಲ್ಲೇ ಉಳಿಯುತ್ತದೆ. ನಿಮಿಷಕ್ಕೆ 12ರಿಂದ 15 ಉಸಿರು, ಅಂದರೆ ಆರೇಳು ಲೀಟರ್ ಗಾಳಿ. ಉಸಿರು ಬಿಡುವುದಕ್ಕೆ ಶ್ರಮವೂ ಇಲ್ಲ, ಹಿಗ್ಗಿದ ಶ್ವಾಸಕೋಶ ತಾನೇ ಕುಗ್ಗುತ್ತದೆ. ಮೆಟ್ಟಿಲೇರತೊಡಗಿದರೆ ಮೊದಲು ಉಸಿರು ಆಳವಾಗುತ್ತದೆ, ಆಮೇಲೆ ಬಿರುಸಾಗುತ್ತದೆ, ಬಿಡುವಾಗಲೂ ಹೊಟ್ಟೆಯ ಸ್ನಾಯು ದುಡಿಯುತ್ತದೆ. ಎರಡು ಲೀಟರಿನಂತೆ ನಿಮಿಷಕ್ಕೆ 40 ಸಲ ಎಂದರೆ 80 ಲೀಟರ್. ಆರೋಗ್ಯವಂತರಲ್ಲಿ ಅಷ್ಟಾದರೂ ಶ್ವಾಸಕೋಶ ಸಾಲದೆ ಬರುವುದಿಲ್ಲ; ಮೊದಲು ಸೋಲುವುದು ಹೃದಯ ತಳ್ಳುವ ರಕ್ತ ಮತ್ತು ಕಾಲಿನ ಸ್ನಾಯು. ಅವೆರಡಕ್ಕೂ ದಿನಾ ನಡಿಗೆಯೇ ಬೇಕು. ಪೀಪಿ ಎನ್ನುವ ದಮ್ಮಿಗೂ ಇದು ಮದ್ದಲ್ಲ, ಇನ್‌ಹೇಲರ್ ಬಿಡಬೇಡಿ.

ಸಂಡೂರು ಕಡೆಯ ಗಣಿ ಧೂಳು ಬೀಳುವ ಮನೆಗಳಲ್ಲಿ ಮುಚ್ಚಳದ ಡಬ್ಬಿಯಲ್ಲಿಡಿ. ಧೂಳು, ತೇವ ಸೇರಿದರೆ ಚೆಂಡು ಅಂಟುತ್ತದೆ. ಬಾಯಿಯ ತುಂಡನ್ನಷ್ಟೇ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ, ಕುದಿಸಬೇಡಿ. ಚೆಂಡಿನ ಬದಲು ಪಿಸ್ಟನ್ ಇರುವ ಮಾದರಿ ಗಾಳಿಯ ಪ್ರಮಾಣವನ್ನೇ ತೋರಿಸುತ್ತದೆ, ಬೆಲೆ ಜಾಸ್ತಿ. ಯಾವುದಾದರೂ ಒಬ್ಬರಿಗೊಂದು, ಪಕ್ಕದ ಮನೆಗೆ ಎರವಲು ಕೊಡುವ ವಸ್ತುವಲ್ಲ.