ತೋಟದ ಮನೆಗೆ ಯಾಗಿ ಆಂಟೆನಾ: ಕೊಳ್ಳಬಹುದು, ಆದರೆ ಡಬ್ಬದ ಮೇಲಿನ ಅಂಕಿ ನಂಬಬೇಡಿ

ಕೊಡಗಿನ ನಾಪೋಕ್ಲು ಕಡೆ ತೋಟದ ಮನೆ ಇರುವವರಿಗೆ ನೆಟ್‌ವರ್ಕ್ ಪಾಡು ಗೊತ್ತೇ ಇದೆ, ಅಲ್ವಾ? ಸುತ್ತ ಬೆಟ್ಟ, ಮೇಲೆ ಸಿಲ್ವರ್ ಓಕ್, ಮಳೆಗಾಲದಲ್ಲಿ ಎಲೆ ನೆನೆದರೆ ಇದ್ದ ಸಿಗ್ನಲ್ಲೂ ಇಳಿಯುತ್ತದೆ. ನಾನು 4ಜಿ ರೌಟರ್‌ಗೆ ಹೊರಗಿನ ಯಾಗಿ ಆಂಟೆನಾ ಆನ್‌ಲೈನ್‌ನಲ್ಲಿ ತರಿಸಿ ಹಾಕಿಸಿದೆ. ಕೆಲಸ ಮಾಡುತ್ತಿದೆ. ರೌಟರ್ ಪುಟದಲ್ಲಿ -114 ತೋರಿಸುತ್ತಿದ್ದ ಸಿಗ್ನಲ್ ಈಗ -101ಕ್ಕೆ ಬಂದಿದೆ (ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು). ಮಾಡಿನ ಮೇಲೆ ಎತ್ತರಕ್ಕೆ ಕೂರಿಸಿದ್ದರ ಪಾಲೂ ಅದರಲ್ಲಿದೆ.

ಈ ಆಂಟೆನಾ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ. ಕೇಬಲ್ ಸೇರುವ ಕಡ್ಡಿಯ ಹಿಂದೆ ಸ್ವಲ್ಪ ಉದ್ದದ ಒಂದು ಕಡ್ಡಿ, ಮುಂದೆ ಸ್ವಲ್ಪ ಗಿಡ್ಡನೆಯ ಸಾಲು. ಅಷ್ಟರಿಂದಲೇ ಅದು ಬೇರೆ ದಿಕ್ಕುಗಳನ್ನು ಬಿಟ್ಟು ಒಂದೇ ಕಡೆ ಗಮನ ಕೊಡುತ್ತದೆ. ಹೂವಿಗೆ ನೀರು ಬಿಡುವಾಗ ಸ್ಪ್ರಿಂಕ್ಲರ್ ತಿರುಗುವುದನ್ನು ನಿಲ್ಲಿಸಿ ಒಂದೇ ಕಡೆ ಹಿಡಿದ ಹಾಗೆ, ಮೋಟರ್ ಅದೇ, ನೀರು ಅದೇ. ಎಲ್ಲ ಕಡೆ ಸಮನಾಗಿ ಹರಡಿದ್ದರೆ ಎಷ್ಟಿರುತ್ತಿತ್ತೋ, ಅದಕ್ಕಿಂತ ಮುಖ್ಯ ದಿಕ್ಕಿನಲ್ಲಿ ಎಷ್ಟು ಪಟ್ಟು ಜಾಸ್ತಿ ಅನ್ನುವುದೇ ಡೈರೆಕ್ಟಿವಿಟಿ. ಅದನ್ನು ಅಳೆಯುವ ಲೆಕ್ಕ ಡಿಬಿಐ: 10 ಡಿಬಿಐ ಅಂದರೆ 10 ಪಟ್ಟು, 20 ಅಂದರೆ 100 ಪಟ್ಟು. ಕಡ್ಡಿ, ಕನೆಕ್ಷನ್‌ಗಳಲ್ಲಿ ಆಗುವ ನಷ್ಟ ಕಳೆದು ಉಳಿಯುವುದು ಗೇನ್. 1926ರಲ್ಲಿ ಜಪಾನಿನ ಉಡಾ ಮತ್ತು ಯಾಗಿ ಕೊಟ್ಟ ವಿನ್ಯಾಸ ಇದು, ಇವತ್ತಿಗೂ ಇಷ್ಟು ಸರಳವಾಗಿ ಕೆಲಸ ಮಾಡುತ್ತದೆ ಅನ್ನುವುದು ನನಗೆ ನಿಜಕ್ಕೂ ಖುಷಿ.

ಈಗ ತಕರಾರು. ಮೊಳದುದ್ದದ ಆಂಟೆನಾಗೆ ಡಬ್ಬದ ಮೇಲೆ '28 ಡಿಬಿಐ' ಅಂತ ಬರೆದಿದ್ದಾರೆ. ಅದು ಸಾಧ್ಯವೇ ಇಲ್ಲ, ಅಷ್ಟು ಬೇಕಾದರೆ ದೊಡ್ಡ ಡಿಶ್ಶೇ ಬೇಕು. ಜೊತೆಗೆ ಕೊಡುವ ತೆಳು ಕೇಬಲ್ ಇನ್ನೂ ಕೆಟ್ಟದು, 10 ಮೀಟರ್ ಎಳೆದರೆ ಅರ್ಧಕ್ಕಿಂತ ಜಾಸ್ತಿ ಸಿಗ್ನಲ್ ಅದರಲ್ಲೇ ಹೋಗುತ್ತದೆ. ದಪ್ಪ ಕೇಬಲ್ ಬೇರೆ ತರಿಸಿ, ರೌಟರನ್ನು ಆದಷ್ಟು ಹತ್ತಿರ ಇಡಿ. ರೌಟರ್‌ನಲ್ಲಿ ಎರಡು ಪೋರ್ಟ್ ಇದ್ದರೆ ಆಂಟೆನಾವೂ ಎರಡು ಹಾಕಿ, ಒಂದು ಎಡಕ್ಕೆ ಒಂದು ಬಲಕ್ಕೆ 45 ಡಿಗ್ರಿ ವಾಲಿಸಿ. ಇಲ್ಲದಿದ್ದರೆ ಸಿಗ್ನಲ್ ಏರಿದರೂ ಸ್ಪೀಡ್ ಅಷ್ಟಾಗಿ ಏರುವುದಿಲ್ಲ.

ಕೂರಿಸುವಾಗ ಅವಸರ ಬೇಡ. ಒಬ್ಬರು ಮೇಲೆ ಸ್ವಲ್ಪ ಸ್ವಲ್ಪವೇ ತಿರುಗಿಸಲಿ, ಇನ್ನೊಬ್ಬರು ಕೆಳಗೆ ಅಂಕಿ ನೋಡಿ ಕೂಗಲಿ. ನಮ್ಮಲ್ಲಿ ಟವರ್ ಇರುವ ನೇರಕ್ಕಿಂತ ಪಕ್ಕದ ಬೆಟ್ಟದ ಕಡೆ ತಿರುಗಿಸಿದಾಗಲೇ ಚೆನ್ನಾಗಿ ಸಿಕ್ಕಿತು, ನೇರ ದಾರಿಯಲ್ಲಿ ಗುಡ್ಡ ಅಡ್ಡ ಇದೆ.

ಮಾಡಿನ ಮೇಲೂ ಫೋನಿಗೆ ಸಿಗ್ನಲ್ ಚೂರೂ ಬಾರದಿದ್ದರೆ ಇದನ್ನು ತರಿಸಬೇಡಿ. ಸಿಗ್ನಲ್ಲನ್ನು ಹಿಗ್ಗಿಸಿ ಮತ್ತೆ ಬಿಡುವ, ಲೈಸೆನ್ಸ್ ಇಲ್ಲದ ಬೂಸ್ಟರ್ ಕಡೆಗಂತೂ ಹೋಗಲೇಬೇಡಿ, ಅದು ಕಾನೂನಿಗೆ ವಿರುದ್ಧ, ಅಕ್ಕಪಕ್ಕದವರ ನೆಟ್‌ವರ್ಕ್ ಕೂಡ ಕೆಡುತ್ತದೆ.